ಮನೆಯಲ್ಲಿ ಕಟ್ಟಿದ ಧ್ವನಿವರ್ಧಕಕ್ಕೊಂದು ಸೂಚಕ ದೀಪ

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಕೈಕೆಲಸದ ಹವ್ಯಾಸವುಳ್ಳವರು ಇಲ್ಲದಿಲ್ಲ. ರೈಲ್ವೆಯಲ್ಲಿಯೋ, ಕುರಕುಂಭದ ಕಾರಖಾನೆಗಳಲ್ಲಿಯೋ, ಕಚೇರಿಯ ಮೇಜಿನ ಮುಂದೆಯೋ ಹಗಲೆಲ್ಲ ದುಡಿದು ಬಂದು, ರಾತ್ರಿ ಒಂದು ಗಂಟೆ ಬಿಡುವು ಮಾಡಿಕೊಂಡು, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಪುಟ್ಟ ಧ್ವನಿವರ್ಧಕವನ್ನು ಕೂಡಿಸುವವರು ನಮ್ಮಲ್ಲಿದ್ದಾರೆ. ಊರ ಕಡೆಯ ಭಜನೆ, ತತ್ತ್ವಪದ, ನಾಟಕದ ಹಾಡುಗಳನ್ನು ಮೊಬೈಲಿನ ಕೀರಲು ದನಿಯಲ್ಲಿ ಕೇಳಲು ಅವರಿಗೆ ಮನಸ್ಸೊಪ್ಪದು. ದೊಡ್ಡ ಸ್ಪೀಕರಿನಲ್ಲಿ ತುಂಬುಕಂಠವಾಗಿ ಕೇಳಬೇಕೆಂಬ ಆಸೆಯೇ ಈ ಶ್ರಮಕ್ಕೆ ಕಾರಣ. ಅದು ಒಳ್ಳೆಯ ಆಸೆ.

ಆದರೆ ಇಂಥ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಒಂದು ಕೊರತೆ ಇರುತ್ತದೆ. ಸ್ವಿಚ್ಚು ಇರುತ್ತದೆ, ಧ್ವನಿಯನ್ನು ಏರಿಸಿ ಇಳಿಸುವ ಗುಂಡಿ ಇರುತ್ತದೆ. ಯಂತ್ರ ಚಾಲೂ ಇದೆಯೋ ಬಂದ್ ಆಗಿದೆಯೋ ಎಂದು ಹೇಳುವ ದೀಪ ಮಾತ್ರ ಇರುವುದಿಲ್ಲ. "ಹಾಡು ಕೇಳಿಸಿದರೆ ಚಾಲೂ, ಕೇಳಿಸದಿದ್ದರೆ ಬಂದ್, ದೀಪವೇಕೆ?" ಎಂದು ಕೇಳುವವರುಂಟು. ಈ ಮಾತು ಸರಿಯಲ್ಲವೆಂಬುದನ್ನೂ, ದೀಪವನ್ನು ಎಲ್ಲಿ, ಹೇಗೆ ಕೂಡಿಸಬೇಕೆಂಬುದನ್ನೂ, ಕೂಡಿಸಿದ ಮೇಲೆ ಅದು ಹೇಳುವ ಸುದ್ದಿಯನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದನ್ನೂ ಇಲ್ಲಿ ವಿವರಿಸುತ್ತೇವೆ.

ದೀಪದ ಅಗತ್ಯ

ಫ್ಯಾನು ಚಾಲೂ ಇದ್ದರೆ ತಿರುಗುತ್ತದೆ. ಬಲ್ಬು ಚಾಲೂ ಇದ್ದರೆ ಬೆಳಗುತ್ತದೆ. ಧ್ವನಿವರ್ಧಕ ಹಾಗಲ್ಲ. ಹಾಡು ಮುಗಿದು ಮೊಬೈಲಿನ ತಂತಿಯನ್ನು ಕಿತ್ತುಕೊಂಡ ಮೇಲೆ ಅದು ಚಾಲೂ ಇದ್ದರೂ ಮೌನವಾಗಿಯೇ ಇರುತ್ತದೆ. ಆ ಮೌನದಲ್ಲಿಯೂ ಅದರ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತಲೇ ಇರುತ್ತದೆ, ಒಳಗಿನ ಐ.ಸಿ. ವಿದ್ಯುತ್ತನ್ನು ಹೀರುತ್ತಲೇ ಇರುತ್ತದೆ. ಸುಮ್ಮನಿದ್ದಾಗ ೫ ವಾಟ್ ಮಾತ್ರ ತಿನ್ನುವ ಯಂತ್ರವೆಂದು ಹಿಡಿದರೂ, ಹಗಲು ರಾತ್ರಿ ಚಾಲೂ ಉಳಿದರೆ ತಿಂಗಳಿಗೆ ಮೂರೂವರೆ ಯೂನಿಟ್ಟಿಗಿಂತ ಹೆಚ್ಚು ವ್ಯರ್ಥವಾಗುತ್ತದೆ.

ದುಡ್ಡಿನ ಮಾತು ಹಾಗಿರಲಿ. ದೌಂಡದಂಥ ಊರಿನಲ್ಲಿ ಒಂದು ಕೋಣೆಯಲ್ಲಿ ಮೂವರು ನಾಲ್ವರು ಕೂಡಿ ಇರುವುದು ಸಾಮಾನ್ಯ. ಒಬ್ಬರದು ಹಗಲು ಪಾಳಿ, ಇನ್ನೊಬ್ಬರದು ರಾತ್ರಿ ಪಾಳಿ. ಹಾಡು ಕೇಳಿದವರು ಡ್ಯೂಟಿಗೆ ಹೋಗಿರುತ್ತಾರೆ. ಮಲಗಲು ಬಂದವರಿಗೆ ಮೂಲೆಯಲ್ಲಿರುವ ಡಬ್ಬಿ ಚಾಲೂ ಇದೆಯೆಂಬುದೇ ಗೊತ್ತಿರುವುದಿಲ್ಲ. ಅದರ ಮೇಲೆ ಟವಲ್ಲು ಹಾಕುತ್ತಾರೆ, ಹಾಸಿಗೆಯನ್ನು ಅದಕ್ಕೆ ಆನಿಸುತ್ತಾರೆ. ಗಾಳಿಯಾಡದೆ ಬಿಸಿಯೇರಿದ ಯಂತ್ರದಿಂದ ಬೆಂಕಿ ಹುಟ್ಟುವ ಸಂಭವ ಇಂಥ ಕಡೆಯೇ. ಒಬ್ಬ ಪಾಳಿಯವನು ಇನ್ನೊಬ್ಬ ಪಾಳಿಯವನಿಗೆ ಬಾಯಿಂದ ಹೇಳಲಾಗದ್ದನ್ನು ಆ ಪುಟ್ಟ ದೀಪ ಹೇಳುತ್ತದೆ. ಆದುದರಿಂದ ಅದನ್ನು ಅಲಂಕಾರವೆಂದು ತಿಳಿಯಬಾರದು.

ಸಿಗ್ನಲ್ಲಿನಿಂದ ಕಲಿಯಬಹುದಾದ ಪಾಠ

ಮುಂಬಯಿಯಿಂದ ಪುಣೆಯ ಮೇಲೆ ಬಂದ ರೈಲುದಾರಿ ನಮ್ಮ ಜಂಕ್ಷನ್ನಿನಲ್ಲಿ ಕವಲೊಡೆದು, ಒಂದು ಮನಮಾಡಕ್ಕೂ ಇನ್ನೊಂದು ಸೊಲ್ಲಾಪುರ, ಕಲಬುರಗಿ, ವಾಡಿಗಳ ಕಡೆಗೂ ಹೋಗುತ್ತದೆ. ದೀಪಗಳನ್ನು ನಂಬಿ ನಡೆಯುವ ಕಸುಬು ಎಂಥದೆಂಬುದು ಇಲ್ಲಿಯ ನಮ್ಮವರಿಗೆ ಹೊಸತಲ್ಲ. ದೀಪ ಆರಿಹೋದ ಸಿಗ್ನಲ್ಲನ್ನು ಕಂಡ ಚಾಲಕ "ಕೆಂಪು ಕಾಣಿಸಲಿಲ್ಲ, ಆದ್ದರಿಂದ ಅಡ್ಡಿಯಿಲ್ಲ" ಎಂದು ಮುಂದೆ ಹೋಗುವಂತಿಲ್ಲ. ಆ ಸಿಗ್ನಲ್ಲು ತೋರಿಸಬಹುದಾದ ಸೂಚನೆಗಳಲ್ಲಿ ಅತ್ಯಂತ ಕಟ್ಟುನಿಟ್ಟಿನದು ಯಾವುದೋ ಅದನ್ನೇ ತೋರಿಸುತ್ತಿದೆಯೆಂದು ತಿಳಿದು ನಡೆಯಬೇಕೆಂಬುದು ನಿಯಮ.

ಅಷ್ಟೇ ಅಲ್ಲ. ಎಣ್ಣೆಯ ದೀಪದ ಕೈಮರಗಳ ಕಾಲದಲ್ಲಿ ಸಿಗ್ನಲ್ ದೀಪದ ಬೆನ್ನಿಗೆ ಒಂದು ಸಣ್ಣ ಕಿಂಡಿ ಇರುತ್ತಿತ್ತು. ಮುಂದಿನ ಬೆಳಕು ಚಾಲಕನಿಗಾಗಿ. ಹಿಂದಿನ ಕಿಂಡಿಯ ಬೆಳಕು, ದೀಪ ಉರಿಯುತ್ತಿದೆಯೆಂದು ಕ್ಯಾಬಿನ್ನಿನಲ್ಲಿರುವವನಿಗೆ ತಿಳಿಯುವುದಕ್ಕಾಗಿ. ಈಗಿನ ಬಣ್ಣದ ದೀಪದ ಸಿಗ್ನಲ್ಲುಗಳಲ್ಲಿ ದೀಪದ ಮೂಲಕ ಪ್ರವಾಹ ಹರಿಯುತ್ತಿದೆಯೇ ಇಲ್ಲವೇ ಎಂದು ನೋಡಿಕೊಳ್ಳುವುದಕ್ಕೇ ಒಂದು ರಿಲೇ ಇರುತ್ತದೆ. ದೀಪವನ್ನು ಹಚ್ಚಿದರೆ ಸಾಲದು, ಅದು ಸುಳ್ಳು ಹೇಳದಂತೆಯೂ ನೋಡಿಕೊಳ್ಳಬೇಕೆಂಬುದು ಇದರ ತಾತ್ಪರ್ಯ. ನಮ್ಮ ಡಬ್ಬಿಯ ದೀಪಕ್ಕೂ ಈ ಮಾತು ಸಲ್ಲುತ್ತದೆ. ದೀಪ ತಾನು ಕೂಡಿಸಲ್ಪಟ್ಟ ಜಾಗದ ಸುದ್ದಿಯನ್ನಷ್ಟೇ ಹೇಳಬಲ್ಲದು. ಯಂತ್ರದ ಬೇರೆ ಭಾಗಗಳ ಸುದ್ದಿ ಅದಕ್ಕೆ ತಿಳಿಯದು.

ದೀಪದ ಮೂರು ಜಾತಿ

ಮನೆಯಲ್ಲಿ ಕಟ್ಟಿದ್ದೆಂದರೆ ಕೀಳೆಂದು ಯಾರೂ ಭಾವಿಸಬೇಕಾಗಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ೩೦ ವಾಟಿನ ಪ್ರಸಾರಯಂತ್ರವನ್ನಿಟ್ಟು ಬಾನುಲಿ ಕೇಂದ್ರವನ್ನು ನಡೆಸಿದರು. ಆ ಮನೆಯ ಕೇಂದ್ರಕ್ಕೆ ಇದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂದಿತು.

ಧಾರವಾಡದ ಕೇಂದ್ರ ೧೯೫೦ರ ಜನವರಿ ೮ರಂದು ಆರಂಭವಾದಾಗ ಮನೆಗಳಲ್ಲಿದ್ದ ರೇಡಿಯೋಗಳು ವಾಲ್ವಿನವು. ವಾಲ್ವು ಕಾಯ್ದು ಧ್ವನಿ ಹೊರಡಲು ಅರ್ಧ ನಿಮಿಷದಷ್ಟು ಹೊತ್ತು ಬೇಕಾಗುತ್ತಿತ್ತು. ಅಷ್ಟರವರೆಗೆ ಕೇಳುವವರಿಗೆ ಧೈರ್ಯ ಹೇಳುತ್ತಿದ್ದುದು ಅಂಕಿಫಲಕದ ಹಿಂದಿನ ಪುಟ್ಟ ಬಲ್ಬು. ವಾಲ್ವನ್ನು ಕಾಯಿಸುವ ೬.೩ ವೋಲ್ಟಿನ ಸುತ್ತಿನಿಂದಲೇ ಅದಕ್ಕೂ ವಿದ್ಯುತ್ತು ಸಿಗುತ್ತಿತ್ತು. ಇದು ಮೊದಲನೆಯ ಜಾತಿ, ತಂತುವಿನ ಬಲ್ಬು. ಇದರ ಬೆಳಕು ಕಣ್ಣಿಗೆ ಹಿತ. ಆದರೆ ಪ್ರವಾಹವನ್ನು ಬಹಳ ತಿನ್ನುತ್ತದೆ, ಕೆಲವು ಕಾಲದ ಮೇಲೆ ತಂತು ಕಡಿದುಹೋಗುತ್ತದೆ.

ಎರಡನೆಯದು ನಿಯಾನ್ ದೀಪ. ಸ್ವಿಚ್ ಬೋರ್ಡುಗಳಲ್ಲಿಯೂ ಟೆಸ್ಟರಿನ ಹಿಡಿಯಲ್ಲಿಯೂ ಕಿತ್ತಳೆ ಬಣ್ಣದಲ್ಲಿ ಮಿನುಗುವುದು ಇದೇ. ಇದು ಹೊತ್ತಲು ಸುಮಾರು ೬೦ರಿಂದ ೯೦ ವೋಲ್ಟ್ ಬೇಕು. ಆದಕಾರಣ ಇದನ್ನು ೨೩೦ ವೋಲ್ಟಿನ ಮನೆಯ ವಿದ್ಯುತ್ತಿಗೆ, ಅದೂ ತಕ್ಕ ರೆಸಿಸ್ಟರಿನೊಡನೆ ಮಾತ್ರ ಕೂಡಿಸುತ್ತಾರೆ. ರೆಸಿಸ್ಟರನ್ನು ಒಳಗೇ ಅಳವಡಿಸಿದ ದೀಪಗಳೂ ದೊರೆಯುತ್ತವೆ.

ಮೂರನೆಯದೂ ನಮ್ಮ ಕೆಲಸಕ್ಕೆ ಅತ್ಯುತ್ತಮವೂ ಆದದ್ದು ಎಲ್.ಇ.ಡಿ. ಕೆಲವು ಹರಳುಗಳ ಮೂಲಕ ವಿದ್ಯುತ್ತು ಹರಿದಾಗ ಬೆಳಕು ಹೊರಡುವುದನ್ನು ಎಚ್. ಜೆ. ರೌಂಡ್ ಎಂಬವರು ೧೯೦೭ರಲ್ಲಿಯೇ ಕಂಡಿದ್ದರು. ಆದರೆ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಕೊಡುವ, ಬಳಕೆಗೆ ಬರುವಂಥ ಎಲ್.ಇ.ಡಿ.ಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ತಯಾರಿಸಿದ್ದು ೧೯೬೨ರಲ್ಲಿ. ಪ್ರಖರವಾದ ನೀಲಿ ಬೆಳಕು ಸಿಕ್ಕಲು ಮತ್ತೆ ಮೂರು ದಶಕಗಳು ಬೇಕಾದವು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ ೨೦೧೪ರ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಇಷ್ಟು ಜನರ ತಪಸ್ಸಿನ ಫಲ ಇಂದು ಪುಣೆಯ ಬುಧವಾರ ಪೇಠೆಯಲ್ಲಿ ಒಂದು ಕಪ್ಪು ಚಹಾದ ಬೆಲೆಗಿಂತ ಕಡಿಮೆಗೆ ಸಿಗುತ್ತದೆ.

ರೆಸಿಸ್ಟರಿನ ಲೆಕ್ಕ

ಎಲ್.ಇ.ಡಿ.ಯನ್ನು ರೆಸಿಸ್ಟರಿಲ್ಲದೆ ನೇರವಾಗಿ ಕೂಡಿಸಲೇಬಾರದು. ತಂತುವಿನ ಬಲ್ಬು ಬಿಸಿಯಾದಂತೆಲ್ಲ ತನ್ನೊಳಗಿನ ಪ್ರವಾಹವನ್ನು ತಾನೇ ತಡೆಯುತ್ತದೆ. ಎಲ್.ಇ.ಡಿ.ಗೆ ಆ ಸಂಯಮವಿಲ್ಲ. ವೋಲ್ಟೇಜು ಸ್ವಲ್ಪವೇ ಏರಿದರೂ ಅದರ ಪ್ರವಾಹ ಬಹಳವಾಗಿ ಏರಿ, ಅದು ಕ್ಷಣದಲ್ಲಿ ಸುಟ್ಟುಹೋಗಬಹುದು. ಹೊರಗಿನಿಂದ ಅದಕ್ಕೊಂದು ಲಗಾಮು ಬೇಕು. ಆ ಲಗಾಮೇ ರೆಸಿಸ್ಟರ್.

ಲೆಕ್ಕ ಸುಲಭ. ಕೆಂಪು ಅಥವಾ ಹಸಿರು ಎಲ್.ಇ.ಡಿ. ತನಗಾಗಿ ಸುಮಾರು ೨ ವೋಲ್ಟ್ ಇಟ್ಟುಕೊಳ್ಳುತ್ತದೆ. ನೀಲಿ, ಬಿಳಿ ದೀಪಗಳು ಸುಮಾರು ೩ ವೋಲ್ಟ್. ಒಟ್ಟು ವೋಲ್ಟೇಜಿನಿಂದ ಇದನ್ನು ಕಳೆಯಬೇಕು. ಉಳಿದುದನ್ನು ನಮಗೆ ಬೇಕಾದ ಪ್ರವಾಹದಿಂದ ಭಾಗಿಸಬೇಕು. ೧೨ ವೋಲ್ಟಿನ ಅಡಾಪ್ಟರಿನಿಂದ ನಡೆಯುವ ಯಂತ್ರಕ್ಕೆ ಕೆಂಪು ದೀಪ ಹಾಕುವುದಾದರೆ, ೧೨ರಲ್ಲಿ ೨ ಕಳೆದರೆ ೧೦. ಸೂಚನೆಯ ದೀಪಕ್ಕೆ ೫ ಮಿಲಿಆಂಪಿಯರ್, ಅಂದರೆ ೦.೦೦೫ ಆಂಪಿಯರ್ ಧಾರಾಳ ಸಾಕು. ೧೦ನ್ನು ೦.೦೦೫ರಿಂದ ಭಾಗಿಸಿದರೆ ೨೦೦೦ ಓಮ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಮೀಪದ ಬೆಲೆ ೨.೨ ಕಿಲೋಓಮ್. ಕಾಲು ವಾಟಿನದು ಸಾಕು.

ಇಲ್ಲಿ ಹಲವರು ತಪ್ಪುವ ಒಂದು ಜಾಗವಿದೆ. ಟ್ರಾನ್ಸ್‌ಫಾರ್ಮರಿನ ಮೇಲೆ ೧೨ ವೋಲ್ಟ್ ಎಂದು ಬರೆದಿದ್ದರೆ ಅದು ಎ.ಸಿ.ಯ ಮಾತು. ನಾಲ್ಕು ಡಯೋಡುಗಳನ್ನು ದಾಟಿ ಕಂಡೆನ್ಸರಿನಲ್ಲಿ ನಿಂತ ಮೇಲೆ ಅದು ಸುಮಾರು ೧೬ ವೋಲ್ಟ್ ಡಿ.ಸಿ. ಆಗುತ್ತದೆ; ಯಂತ್ರ ಸುಮ್ಮನಿದ್ದಾಗ ಇನ್ನೂ ಸ್ವಲ್ಪ ಹೆಚ್ಚು. ಬರೆದುದನ್ನು ನಂಬದೆ ಮೀಟರಿನಿಂದ ಅಳೆದು ಲೆಕ್ಕ ಹಾಕುವುದು ಮೇಲು. ೨.೨ ಕಿಲೋಓಮ್ ರೆಸಿಸ್ಟರು ಇಲ್ಲಿಯೂ ನಡೆಯುತ್ತದೆ. ಪ್ರವಾಹ ಸುಮಾರು ೬ ಮಿಲಿಆಂಪಿಯರ್ ಆಗುತ್ತದೆ ಅಷ್ಟೆ.

ಲೆಕ್ಕದ ಗೊಡವೆ ಬೇಡವೆನ್ನುವವರು ಕೆಂಪು ದೀಪಕ್ಕೆ ಇಷ್ಟನ್ನು ನೆನಪಿಟ್ಟರೆ ಸಾಕು:

೫ ವೋಲ್ಟಿಗೆ ೧ ಕಿಲೋಓಮ್. ಪಟ್ಟಿಗಳ ಬಣ್ಣ ಕಂದು, ಕಪ್ಪು, ಕೆಂಪು.
೯ ವೋಲ್ಟಿನ ಬ್ಯಾಟರಿಗೆ ೪.೭ ಕಿಲೋಓಮ್. ಬಣ್ಣ ಹಳದಿ, ನೇರಳೆ, ಕೆಂಪು.
೧೨ರಿಂದ ೧೬ ವೋಲ್ಟಿಗೆ ೨.೨ ಕಿಲೋಓಮ್. ಬಣ್ಣ ಕೆಂಪು, ಕೆಂಪು, ಕೆಂಪು.

ಬ್ಯಾಟರಿಗೆ ಹೆಚ್ಚಿನ ಬೆಲೆಯ ರೆಸಿಸ್ಟರನ್ನು ಹೇಳಿದುದಕ್ಕೆ ಕಾರಣವಿದೆ. ಎಲ್.ಎಂ. ೩೮೬ ಎಂಬ ಐ.ಸಿ.ಯಿಂದ ಮಾಡಿದ ಪುಟ್ಟ ಯಂತ್ರ ಸುಮ್ಮನಿದ್ದಾಗ ಸುಮಾರು ೪ ಮಿಲಿಆಂಪಿಯರ್ ತಿನ್ನುತ್ತದೆ. ಅದಕ್ಕೆ ೧೦ ಮಿಲಿಆಂಪಿಯರಿನ ದೀಪ ಹಾಕಿದರೆ ಯಜಮಾನನಿಗಿಂತ ದೀವಟಿಗೆಯವನ ಊಟವೇ ಹೆಚ್ಚಾಯಿತು! ೫೦೦ ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಆಗ ಸುಮಾರು ೩೫ ಗಂಟೆಗೆ ಮುಗಿಯುತ್ತದೆ. ೪.೭ ಕಿಲೋಓಮ್ ಹಾಕಿ ದೀಪವನ್ನು ಒಂದೂವರೆ ಮಿಲಿಆಂಪಿಯರಿನಲ್ಲಿ ಉರಿಸಿದರೆ ೯೦ ಗಂಟೆಯವರೆಗೆ ಬಾಳುತ್ತದೆ. ಈಗಿನ ಎಲ್.ಇ.ಡಿ.ಗಳು ಇಷ್ಟರಲ್ಲಿಯೇ ಚೆನ್ನಾಗಿ ಕಾಣಿಸುತ್ತವೆ.

ಕೂಡಿಸುವ ಕ್ರಮ

ಎಲ್.ಇ.ಡಿ.ಯ ಎರಡು ಕಾಲುಗಳಲ್ಲಿ ಉದ್ದನೆಯದು ಧನ, ಗಿಡ್ಡನೆಯದು ಋಣ. ಕಾಲು ಕತ್ತರಿಸಿಹೋಗಿದ್ದರೆ ಬುಡದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಚಪ್ಪಟೆಯಾಗಿರುವ ಕಡೆ ಋಣ. ರೆಸಿಸ್ಟರನ್ನು ಯಾವ ಕಾಲಿಗೆ ಹಾಕಿದರೂ ಒಂದೇ, ಏಕೆಂದರೆ ಎರಡರಲ್ಲಿಯೂ ಹರಿಯುವುದು ಅದೇ ಪ್ರವಾಹ. ಬೆಸುಗೆಯನ್ನು ದೀಪದ ಬುಡದಿಂದ ಸ್ವಲ್ಪ ದೂರದಲ್ಲಿ, ಎರಡು ಮೂರು ಸೆಕೆಂಡಿನೊಳಗೆ ಮುಗಿಸಬೇಕು. ಹೆಚ್ಚು ಹೊತ್ತು ಕಾಯಿಸಿದರೆ ದೀಪ ಕೆಡುತ್ತದೆ.

ಕೂಡಿಸಲು ಸರಿಯಾದ ಜಾಗವೆಂದರೆ ದೊಡ್ಡ ಕಂಡೆನ್ಸರಿನ ಎರಡು ತುದಿಗಳು, ಅಂದರೆ ಫ್ಯೂಜು, ಟ್ರಾನ್ಸ್‌ಫಾರ್ಮರ್, ಡಯೋಡು ಎಲ್ಲವೂ ದಾಟಿದ ಮೇಲಿನ ಜಾಗ. ಅಡಾಪ್ಟರಿನ ಯಂತ್ರವಾದರೆ ಸ್ವಿಚ್ಚು ದಾಟಿದ ಮೇಲಿನ ಜಾಗ. ಹೀಗೆ ಮಾಡಿದರೆ ದೀಪ ಉರಿದಾಗ ಅದು "ಇಲ್ಲಿಯವರೆಗೆ ಎಲ್ಲವೂ ನೆಟ್ಟಗಿದೆ" ಎಂದು ಹೇಳಿದಂತೆ. ಹಾಡು ಹೊರಡದೆ ಹೋದಾಗ ಇದರ ಬೆಲೆ ತಿಳಿಯುತ್ತದೆ. ದೀಪವಿದ್ದು ಧ್ವನಿಯಿಲ್ಲದಿದ್ದರೆ ಸ್ಪೀಕರಿನ ತಂತಿ, ಮೊಬೈಲಿನ ತಂತಿ, ಧ್ವನಿಯ ಗುಂಡಿ, ಐ.ಸಿ. ಇವುಗಳನ್ನು ನೋಡಬೇಕು. ದೀಪವೂ ಇಲ್ಲದಿದ್ದರೆ ಪ್ಲಗ್ಗು, ಫ್ಯೂಜು, ಟ್ರಾನ್ಸ್‌ಫಾರ್ಮರ್, ಡಯೋಡುಗಳನ್ನು ನೋಡಬೇಕು. ಹುಡುಕುವ ಕೆಲಸ ಅರ್ಧಕ್ಕೆ ಇಳಿಯಿತು. ಇದೇ ದೀಪವನ್ನು ಫ್ಯೂಜಿಗಿಂತ ಮೊದಲು ಹಾಕಿದ್ದರೆ ಫ್ಯೂಜು ಹೋದ ಮೇಲೂ ಉರಿಯುತ್ತಲೇ ಇದ್ದು ನಮ್ಮನ್ನು ದಾರಿ ತಪ್ಪಿಸುತ್ತಿತ್ತು.

ಧ್ವನಿಯ ಯಂತ್ರವಾದುದರಿಂದ ಇನ್ನೆರಡು ಎಚ್ಚರಿಕೆಗಳು ಅವಶ್ಯ. ದೀಪದ ಋಣದ ತಂತಿಯನ್ನು ಕಂಡೆನ್ಸರಿನ ಋಣದ ತುದಿಗೇ ಒಯ್ಯಬೇಕು. ಹತ್ತಿರವಿದೆಯೆಂದು ಮೊಬೈಲಿನ ತಂತಿ ಸೇರುವ ಜಾಗಕ್ಕೆ ಕೂಡಿಸಿದರೆ ಗುಂಯ್‌ಗುಡುವಿಕೆ ಒಳಸೇರಬಹುದು. ದೀಪದ ಎರಡು ತಂತಿಗಳನ್ನು ಹೆಣೆದು, ಒಳಬರುವ ಧ್ವನಿಯ ತಂತಿಯಿಂದ ದೂರ ಸಾಗಿಸಬೇಕು. ತಾನಾಗಿ ಮಿಣುಕುವ ಎಲ್.ಇ.ಡಿ. ಚಂದವೆಂದು ಹಾಕಿದರೆ, ಅದು ಮಿಣುಕಿದಾಗಲೆಲ್ಲ ಸ್ಪೀಕರಿನಲ್ಲಿ ಟಕ್ ಟಕ್ ಎಂದು ಕೇಳಿಸುವ ಸಂಭವವಿದೆ. ನಿಂತು ಉರಿಯುವ ದೀಪವೇ ಒಳ್ಳೆಯದು.

ಡಬ್ಬಿಯ ಮುಖಕ್ಕೆ ೫ ಮಿಲಿಮೀಟರಿನ ರಂಧ್ರ ಕೊರೆದು, ಅಂಚನ್ನು ಅರದಿಂದ ನುಣುಪು ಮಾಡಿ, ದೀಪವನ್ನು ಅದರ ಪ್ಲಾಸ್ಟಿಕ್ ಹಿಡಿಕೆಯೊಡನೆ ಕೂರಿಸಬೇಕು. ಆ ಹಿಡಿಕೆಯಿದ್ದರೆ ರಂಧ್ರ ತುಸು ದೊಡ್ಡದಾಗಬೇಕು. ಬರಿಯ ಕಾಲುಗಳು ತಗಡಿಗೆ ತಾಗದಂತೆ ತೋಳು ಹಾಕುವುದನ್ನು ಮರೆಯಬಾರದು. ಬಣ್ಣ ಅವರವರ ಇಚ್ಛೆ. ಆದರೆ ಮಲಗುವ ಕೋಣೆಯಲ್ಲಿ ಪ್ರಖರವಾದ ನೀಲಿ ದೀಪ ಬೇಡ. ರಾತ್ರಿ ಪಾಳಿ ಮುಗಿಸಿ ಬಂದವನ ಕಣ್ಣು ಚುಚ್ಚುತ್ತದೆ. ಹಾಕಲೇಬೇಕೆಂದರೆ ೧೦ ಕಿಲೋಓಮ್ ರೆಸಿಸ್ಟರಿನಿಂದ ಅದನ್ನು ಮಂದಗೊಳಿಸಬಹುದು.

ಆರಿದ ದೀಪದ ಮಾತು

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಉರಿಯುವ ದೀಪವನ್ನು ಬಹುಮಟ್ಟಿಗೆ ನಂಬಬಹುದು. ಆರಿದ ದೀಪವನ್ನು ನಂಬಬಾರದು. ಅದಕ್ಕೆ ಕಾರಣಗಳು ಹೀಗಿವೆ.

ಮೊದಲನೆಯದಾಗಿ, ದೀಪವೇ ಕೆಟ್ಟಿರಬಹುದು, ಅದರ ಬೆಸುಗೆ ಬಿಟ್ಟಿರಬಹುದು. ಆಗ ಯಂತ್ರ ಚಾಲೂ ಇದ್ದರೂ ದೀಪ ಕತ್ತಲು.

ಎರಡನೆಯದಾಗಿ, ಮನೆಯ ವಿದ್ಯುತ್ತಿನಲ್ಲಿ ಫೇಸ್, ನ್ಯೂಟ್ರಲ್ ಎಂದು ಎರಡು ತಂತಿಗಳಿರುತ್ತವೆ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದುಹೋದರೆ ಎರಡರ ನಡುವೆ ಕೂಡಿಸಿದ ನಿಯಾನ್ ದೀಪ ಆರುತ್ತದೆ, ಯಂತ್ರವೂ ನಿಲ್ಲುತ್ತದೆ. ಆದರೆ ಫೇಸ್ ತಂತಿಯ ೨೩೦ ವೋಲ್ಟ್ ಡಬ್ಬಿಯೊಳಗೆ ಹಾಗೆಯೇ ಕಾದಿರುತ್ತದೆ. ಎರಡು ಮುಳ್ಳಿನ ಪ್ಲಗ್ಗನ್ನು ತಿರುವಿ ಚುಚ್ಚಿದರೂ ಇದೇ ಕಥೆ. ಆಗ ಯಂತ್ರದ ಸ್ವಿಚ್ಚು ನ್ಯೂಟ್ರಲ್ ತಂತಿಯನ್ನು ಕಡಿಯುತ್ತದೆಯೇ ಹೊರತು ಫೇಸನ್ನಲ್ಲ. ದೀಪ ಆರಿದೆಯೆಂದು ಕೈಹಾಕಿದವನಿಗೆ ಪ್ರಾಣಾಪಾಯ. ತಗಡಿನ ಡಬ್ಬಿಗೆ ಮೂರು ಮುಳ್ಳಿನ ಪ್ಲಗ್ಗನ್ನೇ ಹಾಕಿ, ಅರ್ತ್ ತಂತಿಯನ್ನು ಡಬ್ಬಿಗೆ ಭದ್ರವಾಗಿ ಬಿಗಿಯಬೇಕೆಂದು ಹೇಳುವುದು ಇದಕ್ಕಾಗಿಯೇ.

ಮೂರನೆಯದಾಗಿ, ಕಂಡೆನ್ಸರು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ವಸ್ತು. ನಾವು ಹೇಳಿದ ಜಾಗದಲ್ಲಿ ಎಲ್.ಇ.ಡಿ. ಇದ್ದರೆ ಸ್ವಿಚ್ಚು ಬಂದ್ ಮಾಡಿದ ಮೇಲೆ ಅದು ಒಮ್ಮೆಲೇ ಆರದೆ ಮೆಲ್ಲಮೆಲ್ಲನೆ ಮಂಕಾಗುವುದನ್ನು ಕಾಣಬಹುದು. ಅದು ಉಳಿದ ವಿದ್ಯುತ್ತು ಖಾಲಿಯಾಗುತ್ತಿರುವುದರ ಗುರುತು. ೧೬ ವೋಲ್ಟಿನ ಯಂತ್ರದಲ್ಲಿ ಇದರಿಂದ ಭಯವಿಲ್ಲ. ಆದರೆ ಹಳೆಯ ವಾಲ್ವಿನ ಯಂತ್ರವನ್ನು ರಿಪೇರಿ ಮಾಡುವವರು ಎಚ್ಚರದಿಂದಿರಬೇಕು. ಅದರಲ್ಲಿ ದೀಪವಿರುವುದು ೬.೩ ವೋಲ್ಟಿನ ಸುತ್ತಿನಲ್ಲಿ. ಅದು ಸ್ವಿಚ್ಚಿನೊಡನೆಯೇ ಆರುತ್ತದೆ. ಪಕ್ಕದ ಕಂಡೆನ್ಸರಿನಲ್ಲಿ ಮುನ್ನೂರು ವೋಲ್ಟಿನಷ್ಟು ವಿದ್ಯುತ್ತು ಬಹಳ ಹೊತ್ತು ಉಳಿದಿರಬಹುದು.

ಆದುದರಿಂದ ಡಬ್ಬಿಯ ಮುಚ್ಚಳ ತೆಗೆಯುವ ಮುನ್ನ ದೀಪದ ಮುಖ ನೋಡುವುದಲ್ಲ, ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳುವುದು ಕ್ರಮ. ಬಳಿಕ ಸ್ವಲ್ಪ ಕಾಯಬೇಕು, ಮೀಟರಿನಿಂದ ಕಂಡೆನ್ಸರನ್ನು ಅಳೆಯಬೇಕು, ಆಮೇಲೆ ಕೈಹಾಕಬೇಕು. ಇದೇ ಹೊಸದಾಗಿ ಕಲಿಯುವವರು ೨೩೦ ವೋಲ್ಟಿನ ಗೊಡವೆಗೆ ಹೋಗದೆ, ಮುಚ್ಚಿದ ೧೨ ವೋಲ್ಟಿನ ಅಡಾಪ್ಟರನ್ನು ಕೊಂಡು ಕೆಲಸ ಆರಂಭಿಸುವುದು ಉತ್ತಮ. ದೀಪವನ್ನು ಕೂಡಿಸುವ ಅಭ್ಯಾಸಕ್ಕೂ ಅದೇ ಸಾಕು.

ದೀಪ ಹಾಕಿದ ಮೇಲೆ ಕೋಣೆಯ ಗೆಳೆಯರಿಗೆಲ್ಲ ಅದರ ಅರ್ಥವನ್ನು ತಿಳಿಸಿಡಬೇಕು: "ಇದು ಉರಿಯುತ್ತಿದ್ದರೆ ಯಂತ್ರ ಚಾಲೂ ಇದೆ, ಮಲಗುವ ಮೊದಲು ಗೋಡೆಯ ಸ್ವಿಚ್ಚು ಬಂದ್ ಮಾಡಿರಿ, ಆರಿದ್ದರೂ ಒಳಗೆ ಕೈಹಾಕಬೇಡಿರಿ." ಒಂದು ಚೀಟಿಯಲ್ಲಿ ಬರೆದು ಡಬ್ಬಿಯ ಮೇಲೆ ಅಂಟಿಸಿದರೆ ಇನ್ನೂ ಒಳ್ಳೆಯದು. ಕನ್ನಡದ ಜೊತೆಗೆ ಮರಾಠಿಯಲ್ಲಿಯೂ ಬರೆಯಿರಿ. ಕೋಣೆಯಲ್ಲಿ ಇರುವವರೆಲ್ಲ ನಮ್ಮ ಭಾಷೆಯವರೇ ಆಗಿರಬೇಕೆಂದಿಲ್ಲ. ಈ ಬಗೆಯ ಯಂತ್ರವನ್ನು ಕಟ್ಟಿದ ಮಿತ್ರರು ಅದನ್ನೊಮ್ಮೆ ವಾಚನಾಲಯಕ್ಕೆ ತಂದು ತೋರಿಸಿದರೆ, ಕಲಿಯಬೇಕೆನ್ನುವ ಇತರರಿಗೂ ಉಪಕಾರವಾಗುತ್ತದೆ.